ಬಾವಿ ಇಳಿಯುವಾಗ ಚಿಗುರುವ ಹಿತ್ತಿಲು

ಪಂಚಾಂಗದ ಪ್ರಕಾರ ವಸಂತ ಬರುವುದು ಯುಗಾದಿಯ ಪಾಡ್ಯಕ್ಕೆ. ಮಾಘ, ಫಾಲ್ಗುಣ ಎರಡೂ ಶಿಶಿರದ ಪಾಲು. ಹಾಗಿದ್ದೂ ವಸಂತ ಪಂಚಮಿ ಬರುವುದು ಮಾಘ ಶುದ್ಧ ಪಂಚಮಿಗೆ, ಅಂದರೆ ಶಿಶಿರ ಕಾಲಿಟ್ಟ ಐದನೆಯ ದಿನಕ್ಕೇ. ಲೆಕ್ಕ ಹಾಕಿದವರು ಎಲ್ಲೋ ಎಡವಿದ್ದಾರೆ ಅನ್ನಿಸಬಹುದು. ಆ ದಿನಗಳಲ್ಲಿ ಮಲೆನಾಡಿನ ಯಾವುದಾದರೂ ಹಿತ್ತಿಲನ್ನು ಒಂದು ಸುತ್ತು ಹಾಕಿ ಬಂದರೆ ಹಾಗೆ ಅನ್ನಿಸಲಿಕ್ಕಿಲ್ಲ. ಮಾವಿನ ಕೊಂಬೆಯ ತುದಿಗಳಲ್ಲಿ ಹೂ ಹೊರಟಿರುತ್ತದೆ. ನುಗ್ಗೆ ಅರ್ಧ ಎಲೆ ಉದುರಿಸಿಕೊಂಡು ಬಿಳಿ ಗೊಂಚಲು ಬಿಟ್ಟಿರುತ್ತದೆ. ಚಳಿಗೆ ಮುದುಡಿ ಕೂತಿದ್ದ ಕರಿಬೇವು ಗೆಣ್ಣುಗೆಣ್ಣಿಗೂ ಕಣ್ಣು ಬಿಡುತ್ತಿರುತ್ತದೆ.

ಹಿತ್ತಿಲಲ್ಲಿ ಕೈಯಾಡಿಸುವವರಿಗೆ ವರ್ಷಕ್ಕೆ ಎರಡು ಸಲ ಪುರುಸೊತ್ತಿಲ್ಲದ ಕಾಲ ಬರುತ್ತದೆ. ಒಂದು ಮುಂಗಾರು ಹತ್ತುವ ಜೂನ್. ಇನ್ನೊಂದು ಸಂಕ್ರಾಂತಿಯಿಂದ ಯುಗಾದಿಯವರೆಗಿನ ಈ ಎರಡೂವರೆ ತಿಂಗಳು. ಜೂನಿನ ಕೆಲಸದಲ್ಲಿ ನನಗೆ ಅಂಥ ಸೋಜಿಗವೇನೂ ಕಂಡಿಲ್ಲ. ಮಳೆ ಬಂತು, ಮಣ್ಣು ನೆನೆಯಿತು, ಹಾಕಿದ್ದು ಹುಟ್ಟಿತು. ಅದರಲ್ಲಿ ನ್ಯಾಯವಿದೆ. ಈಗಿನ ಕೆಲಸದಲ್ಲಿ ಅಂಥ ನ್ಯಾಯ ಕಾಣುವುದಿಲ್ಲ. ಹಿಂಗಾರು ನಿಂತು ತಿಂಗಳುಗಳೇ ಆಗಿವೆ. ಮುಂದಿನ ಹದವಾದ ಮಳೆಗೆ ಏಪ್ರಿಲ್ ಬರಬೇಕು, ಕೆಲವು ವರ್ಷ ಅದೂ ಇಲ್ಲ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅನ್ನುತ್ತ ಹೊರಟುಹೋಗುತ್ತದೆ, ಬಾವಿಯ ಹಗ್ಗಕ್ಕೆ ಇನ್ನೊಂದು ಮೊಳ ಸೇರಿಸಬೇಕಾಗುತ್ತದೆ, ಅಂಗಳದ ಮಣ್ಣು ಪುಡಿಯಾಗಿ ಕಾಲಿಗೆ ಹತ್ತುತ್ತದೆ. ಮರಗಳು ಹೊಸ ಎಲೆ ತೊಡಲು ಆರಿಸಿಕೊಂಡಿರುವುದು ಈ ಹೊತ್ತನ್ನು. ಹಿಮ ಬೀಳುವ ದೇಶಗಳ ವಸಂತದ ಹಿಂದೆ ಕರಗಿದ ನೀರಿರುತ್ತದೆ. ನಮ್ಮದು ನೀರಿಗೆ ಬೆನ್ನು ಹಾಕಿಕೊಂಡೇ ಬರುತ್ತದೆ.

ಮೊದಲ ಕೆಲಸ ದರಗು ಗುಡಿಸುವುದು. ಬೇಲಿಯಂಚಿನ ಹೊಂಗೆ, ಮೂಲೆಯ ಹಲಸು, ಮಾವು ಎಲ್ಲವೂ ಸೇರಿ ದಿನಾ ಬುಟ್ಟಿಗಟ್ಟಲೆ ಉದುರಿಸುತ್ತವೆ. ಗುಡಿಸಿ ಬೆಂಕಿ ಕೊಡುವವರನ್ನು ಕಂಡರೆ ನನಗೆ ಕಸಿವಿಸಿಯಾಗುತ್ತದೆ. ಪೇಟೆ ಸೇರಿದವರಿಗೆ ಎಲೆಯೆಂದರೆ ಕಸ. ಹಳ್ಳಿಯಲ್ಲಿ ಈಗಲೂ ಅದು ಕೊಟ್ಟಿಗೆಗೆ ಹಾಸು, ಬಾಳೆಯ ಬುಡಕ್ಕೆ ಹೊದಿಕೆ. ತೆಂಗಿನ ಬುಡ ಬಿಡಿಸಿ ಗೊಬ್ಬರ ಹಾಕಿ, ಅದರ ಮೇಲೆ ಒಂದು ಗೇಣು ದಪ್ಪಕ್ಕೆ ದರಗು ಹರವಿದರೆ ಬೆಳಿಗ್ಗೆ ಹಾಕಿದ ನೀರು ಸಂಜೆಯವರೆಗೂ ನಿಲ್ಲುತ್ತದೆ. ಕಾಂಡಕ್ಕೆ ತಾಗದಂತೆ ಅಂಗೈಯಗಲ ಜಾಗ ಬಿಟ್ಟು ಹರವಬೇಕು. ಇಲ್ಲದಿದ್ದರೆ ಗೆದ್ದಲಿಗೆ ಏಣಿ ಇಟ್ಟುಕೊಟ್ಟ ಹಾಗಾಗುತ್ತದೆ.

ಹೊಂಗೆಯನ್ನು ಈ ದಿನಗಳಲ್ಲಿ ಹತ್ತಿರದಿಂದ ನೋಡಬೇಕು. ಎಲೆಯೆಲ್ಲ ಹಳದಿಗೆ ತಿರುಗಿ ಕೆಲವೇ ದಿನಗಳಲ್ಲಿ ಮರ ಬೋಳಾಗುತ್ತದೆ. ಸತ್ತೇಹೋಯಿತೇನೋ ಅನ್ನುವಷ್ಟು ಬೋಳು. ಆಮೇಲೆ ಒಂದು ಬೆಳಿಗ್ಗೆ ಕೊಂಬೆಗಳ ಸುತ್ತ ತಿಳಿ ಹಸಿರಿನ ಮಬ್ಬು ಹತ್ತಿರುತ್ತದೆ. ಇನ್ನು ಕೆಲವು ದಿನ ಕಳೆದರೆ ಕೆಳಗೆ ನೆರಳು ಬೀಳುವಷ್ಟು ಎಲೆ. ಇಷ್ಟು ಎಲೆಗೆ ಬೇಕಾದ ನೀರನ್ನು ಅದು ತಂದದ್ದು ಎಲ್ಲಿಂದ? ಕಾರಣ ಇದೇ ದರಗಿನಲ್ಲಿದೆ. ಮರ ನೀರು ಕಳೆದುಕೊಳ್ಳುವುದು ಹೆಚ್ಚಾಗಿ ಎಲೆಗಳಿಂದ. ಹಳೆಯ ಎಲೆಗೆ ವಯಸ್ಸಾದಷ್ಟೂ ಅದರ ಬಾಯಿ ಸರಿಯಾಗಿ ಮುಚ್ಚುವುದಿಲ್ಲ. ಅವನ್ನು ಉದುರಿಸಿದ ಕೂಡಲೇ ಖರ್ಚು ನಿಲ್ಲುತ್ತದೆ. ಬೇರು ಮಾತ್ರ ಆಳದ ತೇವವನ್ನು ಹೀರುತ್ತಲೇ ಇರುತ್ತದೆ. ಹಾಗೆ ಬಂದ ನೀರು ಹೋಗಲು ದಾರಿಯಿಲ್ಲದೆ ಕಾಂಡದಲ್ಲೇ ತುಂಬಿಕೊಳ್ಳುತ್ತದೆ. ನಾವು ಬೋಳು ಮರವನ್ನು ನೋಡಿ ಅಯ್ಯೋ ಅನ್ನುವಾಗ ಅದರ ಒಳಗೆ ಕೆರೆ ತುಂಬುತ್ತಿರುತ್ತದೆ.

ನೀರು ತುಂಬಿದ್ದು ಸರಿ, ಚಿಗುರುವ ಮುಹೂರ್ತ ಇಟ್ಟವರು ಯಾರು? 2006ರಲ್ಲಿ ಸ್ಟೀಫನ್ ಎಲಿಯಟ್, ಪ್ಯಾಟ್ರಿಕ್ ಬೇಕರ್, ರೋಲ್ಫ್ ಬೋರ್ಶರ್ಟ್ ಎಂಬ ಮೂವರು ವಿಜ್ಞಾನಿಗಳು ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಒಣ ಕಾಲದಲ್ಲಿ ಚಿಗುರುವುದನ್ನು ಅವರು ಏಷ್ಯಾದ ಮಾನ್ಸೂನ್ ಕಾಡುಗಳ ವಿರೋಧಾಭಾಸ ಎಂದೇ ಕರೆದರು. ಅವರ ಪ್ರಕಾರ ಮರಗಳು ಕಾಯುವುದು ಮಳೆಗಲ್ಲ, ಹಗಲು ಉದ್ದವಾಗುವುದಕ್ಕೆ. ಇದನ್ನು ಓದಿದ ಮೇಲೆ ನಮ್ಮ ಊರಿನ ಲೆಕ್ಕ ಹಾಕಿ ನೋಡಿದೆ. ಡಿಸೆಂಬರ್ 21ರ ಹೊತ್ತಿಗೆ ನಮ್ಮಲ್ಲಿ ಹಗಲು ಹನ್ನೊಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು. ಮಾರ್ಚ್ 21ಕ್ಕೆ ಹನ್ನೆರಡು ದಾಟಿರುತ್ತದೆ. ಮೂರು ತಿಂಗಳಲ್ಲಿ ಕೂಡಿದ್ದು ಮುಕ್ಕಾಲು ಗಂಟೆ, ಸರಾಸರಿ ದಿನಕ್ಕೆ ಅರ್ಧ ನಿಮಿಷ. ಯೂರೋಪಿನ ಹಗಲು ಈ ಕಾಲದಲ್ಲಿ ದಾಪುಗಾಲು ಹಾಕಿ ಬೆಳೆಯುತ್ತದೆ, ಅಲ್ಲಿ ಕುರುಡನಿಗೂ ಗೊತ್ತಾದೀತು. ನಮ್ಮಲ್ಲಿ ಗಡಿಯಾರ ನೋಡದ ಮನುಷ್ಯನಿಗೆ ಗೊತ್ತೇ ಆಗದ ಅರ್ಧ ನಿಮಿಷ. ಎಲೆಯಿಲ್ಲದ ಮರ ಅದನ್ನು ದಿನದಿನವೂ ಎಣಿಸಿಟ್ಟುಕೊಂಡಿರುತ್ತದೆ.

ಗಿಡಗಳಿಗೆ ಹೊತ್ತು ಗೊತ್ತಾಗುತ್ತದೆ ಅನ್ನುವುದು ಹೊಸ ಸಂಗತಿಯಲ್ಲ. ಅಮೆರಿಕದ ಗಾರ್ನರ್ ಮತ್ತು ಅಲರ್ಡ್ 1920ರಲ್ಲೇ ತಂಬಾಕು ಗಿಡದ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿಕೊಟ್ಟಿದ್ದರು. ಪ್ರಯೋಗಶಾಲೆಯೇ ಬೇಕೆಂದಿಲ್ಲ. ಬೆಂಗಳೂರಿನ ಸುತ್ತಮುತ್ತ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬ ಬಲ್ಬು ಉರಿಯುವುದನ್ನು ಕಂಡಿರಬಹುದು. ಜಾತ್ರೆಯಲ್ಲ, ಸೇವಂತಿಗೆ. ಇರುಳು ಉದ್ದವಾದರೆ ಮಾತ್ರ ಹೂ ಬಿಡುವ ಗಿಡ ಅದು. ನಡುರಾತ್ರಿ ಬೆಳಕು ತೋರಿಸಿದರೆ ಇರುಳು ಇನ್ನೂ ಚಿಕ್ಕದಿದೆ ಎಂದುಕೊಂಡು ಮೊಗ್ಗು ಮುಂದೂಡುತ್ತದೆ. ಹೂವಿಗೆ ಬೆಲೆ ಬರುವ ಹಬ್ಬ ನೋಡಿಕೊಂಡು ರೈತ ಬಲ್ಬು ಆರಿಸುತ್ತಾನೆ. ಗಿಡವನ್ನು ಯಾಮಾರಿಸುವುದೂ ನಮಗೆ ಬರುತ್ತದೆ ಅನ್ನುವುದಕ್ಕಿಂತ, ಯಾಮಾರಿಸಲು ಬರುವಷ್ಟು ನಿಖರವಾಗಿ ಅದು ಇರುಳನ್ನು ಅಳೆಯುತ್ತಿದೆ ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಮಳೆ ಬಂದ ಮೇಲೆ ಚಿಗುರಿದರೆ ಆಗದೆ? ಈ ಅನುಮಾನಕ್ಕೆ ನಮ್ಮವರೇ ಉತ್ತರ ಹುಡುಕಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎಸ್. ಮುರಳಿ ಮತ್ತು ಆರ್. ಸುಕುಮಾರ್ ಬಂಡೀಪುರದ ಪಕ್ಕದ ಮುದುಮಲೆ ಕಾಡಿನಲ್ಲಿ ಅಧ್ಯಯನ ಮಾಡಿ 1993ರಲ್ಲಿ ಬರೆದರು. ಒಣ ಕಾಲದಲ್ಲೇ ಬೇಗ ಚಿಗುರಿದ ಮರಗಳ ಎಲೆಗೆ ಹುಳದ ಕಾಟ ಕಡಿಮೆ, ಮಳೆಯ ಜೊತೆ ಚಿಗುರಿದವುಗಳಿಗೆ ಹೆಚ್ಚು. ಮಳೆ ಎಲೆಗೆ ಹೇಗೋ ಹುಳಕ್ಕೂ ಹಾಗೇ ಕರೆಯೋಲೆ. ಅದು ಬರುವ ಮೊದಲೇ ಎಲೆ ಬಲಿತು ಒರಟಾಗಿರಬೇಕು. ನೀರಿಲ್ಲದ ಕಾಲದಲ್ಲಿ ಕಷ್ಟಪಟ್ಟು ಎಲೆ ತೊಡುವುದಕ್ಕೂ ಒಂದು ಲಾಭವಿದೆ ಎಂದಾಯಿತು. ಹಾಗೆಂದು ಬೆರಗು ಕಡಿಮೆಯಾಯಿತೇ ಎಂದರೆ ಇಲ್ಲ. ಬಿಡಿಸಿ ಹೇಳಿದಷ್ಟೂ ಇದು ಇನ್ನಷ್ಟು ಒಳಕ್ಕೆ ಹೋಗುವ ಜಾತಿಯದು.

ಮಲ್ಲಿಗೆಯ ಕೆಲಸ ಸಂಕ್ರಾಂತಿ ಕಳೆದ ಮೇಲೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಹಳೆಯ ಬಳ್ಳಿ ಸವರಲೇಬೇಕು. ಸವರುವ ಮೊದಲು ಕೆಲವು ದಿನ ನೀರು ನಿಲ್ಲಿಸುವುದು ವಾಡಿಕೆ. ಎಲೆ ಬಾಡಿದ್ದು ಕಂಡು ನಾನು ಕೊಡ ಹಿಡಿದು ಹೊರಟಿದ್ದೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಅಜ್ಜಿಯ ದನಿ ಬಂತು.

“ನೀರು ಹಾಕ್ಬೇಡ ಮಾರಾಯ್ತಿ. ಸ್ವಲ್ಪ ಬಾಯಾರ್ಲಿ ಅದಕ್ಕೆ.”

“ಒಣಗಿ ಹೋದ್ರೆ ಅಜ್ಜಿ?”

“ಎಲ್ಲೂ ಹೋಗಲ್ಲ. ಹೊಟ್ಟೆ ತುಂಬಿದ್ದಕ್ಕೆ ಹೂವಿನ ನೆನಪು ಎಲ್ಲಿ ಬರತ್ತೆ ಹೇಳು?”

ಅಜ್ಜಿಯ ಈ ಮಾತು ಹಿತ್ತಿಲಿನ ಅರ್ಧ ಗಿಡಗಳಿಗೆ ಹೊಂದುತ್ತದೆ. ನಿಂಬೆ, ಕಿತ್ತಳೆ ಬೆಳೆಯುವವರು ನೀರು ನಿಲ್ಲಿಸಿ, ಬುಡದ ಮಣ್ಣು ತೆಗೆದು ಬೇರಿಗೆ ಬಿಸಿಲು ತೋರಿಸಿ, ಆಮೇಲೆ ಗೊಬ್ಬರ ನೀರು ಕೊಟ್ಟು ಹೂ ತರಿಸುತ್ತಾರೆ. ಮಾವಿಗೆ ತಂಪು ರಾತ್ರಿಗಳು ಬೇಕು, ಒಣ ಹವೆ ಬೇಕು. ಈ ದಿನಗಳಲ್ಲಿ ಧಾರಾಳವಾಗಿ ನೀರು ಕುಡಿದ ಮಾವು ಹೂವಿನ ಬದಲು ಎಲೆಯನ್ನೇ ಬಿಟ್ಟು ಕೂರುವುದುಂಟು. ಇನ್ನು ಕಾಫಿ. ಹಿತ್ತಿಲ ಕೊನೆಯ ಎರಡು ಗಿಡಗಳಲ್ಲೂ ಗೆಣ್ಣಿನ ಸಂದಿಯಲ್ಲಿ ಮೊಗ್ಗು ಕಟ್ಟಿ ಗಟ್ಟಿಯಾಗಿ ಕೂತಿದೆ. ಕೊಡಗು, ಚಿಕ್ಕಮಗಳೂರಿನ ತೋಟಗಳೂ ಈಗ ಹೀಗೇ ಕೂತಿರುತ್ತವೆ. ಬರಗಾಲದ ರುಚಿ ಕಂಡ ಮೊಗ್ಗಿಗೆ ಮಾತ್ರ ಹೂಮಳೆಯ ಕರೆ ಕೇಳಿಸುತ್ತದೆ. ಒಂದು ಇಂಚಿನಷ್ಟು ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಗುಡ್ಡ ಗುಡ್ಡವೇ ಬೆಳ್ಳಗಾಗುತ್ತದೆ. ಮಳೆಯಿಲ್ಲದ ವರ್ಷ ತುಂತುರು ಯಂತ್ರ ಹಚ್ಚಿ ತೋಟದವರೇ ಮಳೆ ಸುರಿಸುತ್ತಾರೆ. ಬಾಯಾರಿಕೆ ಮೊದಲು, ನೀರು ಆಮೇಲೆ. ಹಿಂದುಮುಂದಾದರೆ ಆಗುವುದಿಲ್ಲ.

ಹೀಗಾಗಿ ಈ ಕಾಲದ ತೋಟಗಾರಿಕೆಯಲ್ಲಿ ಮಾಡುವುದಕ್ಕಿಂತ ಮಾಡದೆ ಇರುವುದು ಜಾಸ್ತಿ. ಯಾವುದಕ್ಕೆ ನೀರು ಬೇಕು, ಯಾವುದಕ್ಕೆ ಬೇಡ ಅನ್ನುವುದನ್ನು ತಿಳಿದು ಕೈ ಕಟ್ಟಿಕೊಳ್ಳಬೇಕು. ಬಸಳೆಗೆ ಬಚ್ಚಲ ನೀರು ಹೋಗಲಿ, ಬಾಳೆಗೂ ಹೋಗಲಿ. ಕರಿಬೇವಿನ ತುದಿ ಚಿವುಟಿ ಬುಡಕ್ಕೆ ಹುಳಿ ಮಜ್ಜಿಗೆ ಸುರಿಯಬಹುದು. ಬೆಂಡೆ, ಅಲಸಂದೆ ಹಾಕಿದ ಸಾಲಿಗೆ ಸಂಜೆ ನೀರು ತಪ್ಪಿಸುವಂತಿಲ್ಲ. ಉಳಿದವನ್ನು ಅವುಗಳ ಪಾಡಿಗೆ ಬಿಡುವುದು ನನ್ನಂಥ ಕೈ ಸುಮ್ಮನಿರದವರಿಗೆ ಕಷ್ಟ.

ಹಲಸಿನ ಕೆಳಗೆ ಒಂದು ಗೋಳು ವರ್ಷವರ್ಷವೂ ಕೇಳುತ್ತದೆ. ಬೆರಳುದ್ದದ ಎಳೆ ಮಿಡಿಗಳು ಕರಿಗಟ್ಟಿ, ಮೈಮೇಲೆ ಬೂಷ್ಟು ಬೆಳೆದು ರಾಶಿ ಬೀಳುತ್ತವೆ. “ಅಷ್ಟೂ ಗುಜ್ಜೆ ಹಾಳಾಯ್ತಲ್ಲ” ಎಂದು ಕರಾವಳಿಯಿಂದ ಬಂದ ನೆಂಟರು ಹಲುಬುತ್ತಾರೆ. ಹಾಳಾದದ್ದು ಗುಜ್ಜೆಯಲ್ಲ. ಬಿದ್ದವು ಗಂಡು ಹೂಗೊಂಚಲುಗಳು. ಹಲಸಿನಲ್ಲಿ ಗಂಡು ಹೆಣ್ಣು ಬೇರೆ ಬೇರೆ ಗೊಂಚಲು, ಮರ ಒಂದೇ. ಹೆಣ್ಣಿನದು ದಪ್ಪ ತೊಟ್ಟು, ಬುಡದಲ್ಲಿ ಉಂಗುರದಂಥ ಗುರುತು. ಗಂಡಿನದು ಸಪೂರ, ಪರಾಗ ಚೆಲ್ಲಿದ ಮೇಲೆ ಅದಕ್ಕೆ ಕೆಲಸವಿಲ್ಲ. ಆ ಬೂಷ್ಟು ಕೂಡ ಬರಿಯ ಕೊಳೆಯಲ್ಲದಿರಬಹುದು. ಹಲಸಿನ ಹತ್ತಿರದ ನೆಂಟ ಚೆಂಪೆಡಾಕ್ ಎಂಬ ಮರ ಬೋರ್ನಿಯೋದಲ್ಲಿದೆ. ಅದರ ಗಂಡು ಗೊಂಚಲಿನ ಮೇಲೆ ಬೆಳೆಯುವ ಬೂಷ್ಟನ್ನು ತಿನ್ನಲು ಸಣ್ಣ ನೊಣಗಳು ಬರುತ್ತವೆ, ಮೊಟ್ಟೆಯನ್ನೂ ಅಲ್ಲೇ ಇಡುತ್ತವೆ, ಹೋಗುವಾಗ ಪರಾಗವನ್ನು ಹೆಣ್ಣು ಗೊಂಚಲಿಗೆ ದಾಟಿಸುತ್ತವೆ. ಮರ, ಬೂಷ್ಟು, ನೊಣ ಮೂವರದೂ ಒಂದು ಒಪ್ಪಂದ. ಕಾಲಲ್ಲಿ ಒದ್ದು ಬದಿಗೆ ಸರಿಸುವ ಕಪ್ಪು ಮುದ್ದೆಯ ಹಿಂದೆ ಇಷ್ಟೆಲ್ಲ ಇರಬಹುದು ಎಂದು ಗೊತ್ತಾದ ಮೇಲೆ ನಾನು ಒದೆಯುವುದನ್ನು ಬಿಟ್ಟಿದ್ದೇನೆ, ಬಗ್ಗಿ ನೋಡುತ್ತೇನೆ.

ಹಗಲಿನ ಉದ್ದ ಅಳೆಯುವ ವಿಚಾರ ಒಪ್ಪಿಕೊಂಡು ನೆಮ್ಮದಿಯಾಗಿದ್ದವಳನ್ನು ಕೆಣಕಿದ್ದು ಸುವರ್ಣಗೆಡ್ಡೆ. ಕಿತ್ತ ಗೆಡ್ಡೆಗಳಲ್ಲಿ ಬೀಜಕ್ಕೆಂದು ತೆಗೆದಿಟ್ಟವು ಕೊಟ್ಟಿಗೆಯ ಕತ್ತಲ ಮೂಲೆಯಲ್ಲಿ, ಒಣ ಹುಲ್ಲಿನ ಮೇಲೆ ಕೂತಿರುತ್ತವೆ. ಮಣ್ಣಿಲ್ಲ, ನೀರಿಲ್ಲ, ಸೂರ್ಯನ ದರ್ಶನವೂ ಇಲ್ಲ. ಫೆಬ್ರವರಿ ಮುಗಿಯುವ ಹೊತ್ತಿಗೆ ಒಂದು ದಿನ ನೋಡಿದರೆ ನಡು ತಗ್ಗಿನಲ್ಲಿ ನಸುಗೆಂಪು ಮೊಳಕೆ ಎದ್ದಿರುತ್ತದೆ. ಅರ್ಧ ನಿಮಿಷದ ಸುದ್ದಿಯನ್ನು ಇದಕ್ಕೆ ಮುಟ್ಟಿಸಿದವರು ಯಾರೂ ಇಲ್ಲ. ಕಿತ್ತ ಮೇಲೆ ಇಷ್ಟು ತಿಂಗಳು ಮಲಗಬೇಕು, ಆಮೇಲೆ ಏಳಬೇಕು ಅನ್ನುವ ಲೆಕ್ಕ ಗೆಡ್ಡೆಯ ಒಳಗೇ ಇದೆ. ಕೇರಳದವರು ಇದನ್ನು ನೆಡಲು ಕುಂಭ ಮಾಸದ ಹುಣ್ಣಿಮೆಯನ್ನು ಗೊತ್ತುಮಾಡಿಕೊಂಡಿದ್ದಾರೆ. ಅದೂ ಸರಿಯಾಗಿ ಈ ಹೊತ್ತೇ. ಗೆಡ್ಡೆ ಏಳುವುದನ್ನು ನೋಡಿಯೇ ಯಾರೋ ಆ ದಿನ ಗುರುತು ಹಾಕಿರಬೇಕು.

ನೆಡಲು ಹೋಳು ಮಾಡುವಾಗ ಪ್ರತಿ ಹೋಳಿಗೂ ಆ ನಡು ಕಣ್ಣಿನ ಚೂರು ಸಿಗುವಂತೆ ಮೇಲಿಂದ ಕೆಳಗೆ ಸೀಳಬೇಕು. ಕೈಗೆ ತೆಂಗಿನೆಣ್ಣೆ ಸವರಿಕೊಳ್ಳದಿದ್ದರೆ ರಾತ್ರಿಯಿಡೀ ತುರಿಕೆ. ಹೋಳನ್ನು ಸಗಣಿ ನೀರಿನಲ್ಲಿ ಅದ್ದಿ, ನೆರಳಲ್ಲಿ ಆರಿಸಿ, ಗುಂಡಿಗೆ ದರಗು, ಸುಡುಮಣ್ಣು, ಗೊಬ್ಬರ ತುಂಬಿ ಕೂರಿಸುವುದು. ಮುಂದೆ ಮಳೆಗಾಲದಲ್ಲಿ ಆಳೆತ್ತರಕ್ಕೆ ಬೆಳೆದು ಕೊಡೆ ಬಿಚ್ಚಿ ನಿಲ್ಲುತ್ತದಲ್ಲ, ಅಷ್ಟೂ ಸೇರಿ ಒಂದು ಎಲೆ. ನಾವು ಕಾಂಡ ಅಂದುಕೊಳ್ಳುವ ಮಚ್ಚೆ ಮಚ್ಚೆಯ ಕಂಬ ಎಲೆಯ ತೊಟ್ಟು, ಕೊಂಬೆಗಳಂತೆ ಕಾಣುವುದು ಎಲೆಯ ಸೀಳು. ಒಂದು ಎಲೆಯ ಸಂಪಾದನೆಯಲ್ಲಿ ಆ ಗೆಡ್ಡೆ ತುಂಬುತ್ತದೆ. ಕೀಳದೆ ಬಿಟ್ಟ ಹಳೆಯ ಗೆಡ್ಡೆ ಕೆಲವೊಮ್ಮೆ ಎಲೆಗಿಂತ ಮೊದಲು ಹೂ ತಳ್ಳುತ್ತದೆ. ಸತ್ತ ಇಲಿಯ ನಾತ, ನೇರಳೆ ಬಣ್ಣದ ಸೆರಗು. ಹತ್ತಿರ ಹೋಗುವ ಧೈರ್ಯವಿದ್ದರೆ ತಿಳಿಯುತ್ತದೆ, ಅದು ಸುತ್ತಲಿನ ಗಾಳಿಗಿಂತ ಬೆಚ್ಚಗಿರುತ್ತದೆ. ನಾತ ದೂರ ಹೋಗಲಿ, ನೊಣ ಜೀರುಂಡೆಗಳು ಬರಲಿ ಎಂದು ಗಿಡ ತನ್ನ ಪಿಷ್ಟವನ್ನು ಉರಿಸಿ ಕಾವು ಮಾಡಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅದು ಅರಳಿದ ವಾರ ಹಿಂಬಾಗಿಲು ಮುಚ್ಚಿಯೇ ಇರುತ್ತದೆ. ಬೆರಗಿಗೂ ಒಂದು ಮಿತಿಯಿದೆ.

ಒಳಗಿನ ಲೆಕ್ಕ, ಹೊರಗಿನ ಬೆಳಕು ಎರಡರಲ್ಲಿ ಯಾವುದು ಹೆಚ್ಚು ಎಂದು ಯೋಚಿಸುವಾಗ ರಸ್ತೆಯಂಚಿನ ಗುಲ್ಮೊಹರ್ ನೆನಪಾಗುತ್ತದೆ. ಅದರ ಮೂಲ ಮಡಗಾಸ್ಕರ್, ಭೂಮಧ್ಯರೇಖೆಯ ಆ ಕಡೆ. ದಕ್ಷಿಣಾರ್ಧದಲ್ಲಿ ಅದು ಅರಳುವುದು ನವೆಂಬರ್, ಡಿಸೆಂಬರಿನ ಆಸುಪಾಸಿನಲ್ಲಿ. ಇಲ್ಲಿ ನಮ್ಮ ಮಕ್ಕಳು ಅದನ್ನು ಮೇ ಫ್ಲವರ್ ಎಂದೇ ಕರೆಯುತ್ತಾರೆ. ಹಡಗಿನಲ್ಲಿ ಬಂದ ಬೀಜ ಅರ್ಧ ವರ್ಷವನ್ನು ತಿರುಗಿಸಿ ಹಾಕಿ, ಇಲ್ಲಿನ ಆಕಾಶಕ್ಕೆ ಹೊಂದಿಕೊಂಡಿತು. ನಾವು ಚಾಂದ್ರಮಾನದ ವರ್ಷ ಜಾರಿ ಹೋಗದಂತೆ ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತೇವೆ. ಅಷ್ಟಾದರೂ ಯುಗಾದಿ ಮಾರ್ಚಿಗೂ ಏಪ್ರಿಲ್ಲಿಗೂ ಓಲಾಡುತ್ತದೆ. ಹಬ್ಬ ಬೇಗ ಬಂದ ವರ್ಷ ಬೇವಿನ ಹೂವಿಗೆ ಊರೆಲ್ಲ ಹುಡುಕಬೇಕು, ತಡವಾದ ವರ್ಷ ಹೂ ಉದುರಿ ಎಳೆಗಾಯಿ ಕಟ್ಟಿರುತ್ತದೆ. ಬೇವಿನ ಮರಕ್ಕೆ ಅಧಿಕ ಮಾಸವಿಲ್ಲ.

ಇನ್ನು ಉಳಿದಿರುವುದು ಬೇಸಿಗೆಯ ಬಳ್ಳಿಗಳ ಬೀಜ. ಸೌತೆ ಬೀಜ ಕೊಟ್ಟಿಗೆಯ ಗೋಡೆಯ ಮೇಲಿದೆ, ಸಗಣಿಗೆ ಬೂದಿ ಕಲಸಿ ಮೆತ್ತಿದ ಬಿಲ್ಲೆಯೊಳಗೆ. ಚೂರು ಮುರಿದು ನೀರಿಗೆ ಹಾಕಿದರೆ ಬೀಜ ಬಿಡಿಸಿಕೊಳ್ಳುತ್ತದೆ. ಹಾಗಲದ್ದು ಗಟ್ಟಿ ಸಿಪ್ಪೆ, ರಾತ್ರಿ ನೆನೆಹಾಕಬೇಕು. ಹೀರೆ ಅಟ್ಟದಿಂದ ನೇತಾಡುತ್ತಿದೆ. ಒಣಗಿದ ಕಾಯಿಯ ತುದಿಯಲ್ಲಿ ಒಂದು ಪುಟ್ಟ ಮುಚ್ಚಳವಿರುತ್ತದೆ. ಉಗುರಿನಿಂದ ಅದನ್ನು ಎಬ್ಬಿಸಿ ಕಾಯಿಯನ್ನು ತಲೆಕೆಳಗು ಮಾಡಿ ಅಲುಗಿಸಿದರೆ ಕಪ್ಪು ಬೀಜ ಗಲಗಲ ಉದುರುತ್ತದೆ. ಹೀರೆಯ ಬೀಜದ ಮೈ ತರಿತರಿ. ಪಕ್ಕದಲ್ಲೇ ತೂಗುವ ತುಪ್ಪದ ಹೀರೆಯದು ನುಣುಪು, ಸುತ್ತ ತೆಳ್ಳಗೆ ಅಂಚು ಕಟ್ಟಿದಂತಿದೆ.

ಇವೆರಡೂ ಒಡಹುಟ್ಟುಗಳು. ಎಲೆ ಒಂದೇ ಬಗೆ, ಹೂವೂ ಹಳದಿಯೇ. ಆದರೆ ಹೀರೆ ಹೂ ಬಿಚ್ಚುವುದು ಸಂಜೆ ಐದರ ನಂತರ, ದನ ಮನೆಗೆ ಬರುವ ಹೊತ್ತಿಗೆ. ತುಪ್ಪದ ಹೀರೆ ಬಿಚ್ಚುವುದು ನಸುಕಿನಲ್ಲಿ. ಅಕ್ಕನಿಗೆ ಕತ್ತಲಾದ ಮೇಲೆ ಪತಂಗಗಳು, ತಂಗಿಗೆ ಬೆಳಗಿನ ಜೇನು. ಒಂದು ಬಾಗಿಲು ಹಾಕುವ ಹೊತ್ತಿಗೆ ಇನ್ನೊಂದು ತೆರೆಯುತ್ತದೆ. ಯಾವ ಕಾಲದಲ್ಲಿ, ಯಾವ ಕಾರಣಕ್ಕೆ ಇವು ಹೀಗೆ ಹೊತ್ತು ಪಾಲು ಮಾಡಿಕೊಂಡವೋ. ಈ ಸಲ ಎರಡರ ಬೀಜವನ್ನೂ ಒಂದೇ ಗುಣಿಗೆ ಹಾಕಿದ್ದೇನೆ. ಎರಡೂ ಒಂದೇ ಚಪ್ಪರ ಹತ್ತಲಿ, ಸಂಜೆಯೂ ಬೆಳಿಗ್ಗೆಯೂ ಹೋಗಿ ನೋಡಬಹುದು. ಅದಕ್ಕೆ ಮೊದಲು ಅಡಿಕೆ ದಬ್ಬೆ ಸೀಳಿಸಬೇಕು, ಹಳೆಯ ಚಪ್ಪರದ ಎರಡು ಕಂಬ ಗೆದ್ದಲು ತಿಂದಿದೆ.